ಹನ್ನೆರಡು ಪೊಟ್ಟಣ ಕೆಂಪು ಗುಳಿಗೆ

ಕಾಕಾ ತೀರಿಕೊಂಡ ಮೂರನೇ ದಿನ ನಾವು ಸೈಕಲ್ ಗುಂಪಿನ ಹನ್ನೊಂದು ಜನ ಅವರ ಮನೆಗೆ ಮಾತಾಡಿಸಲು ಹೋದೆವು. ಹೋದದ್ದು ಸೈಕಲ್ ಮೇಲೆ, ತೊಟ್ಟದ್ದು ಸೈಕಲ್ ಬಟ್ಟೆ. ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ, ದೇವರಾಣೆಗೂ ಅಲ್ಲ. ಚಾದರ ಅಂಗಡಿಯ ಮಾಮಾ "ಹಂಗ ಹೋದ್ರ ಕಾಕಾಗ ಸಮಾಧಾನ ಆಗ್ತದ" ಎಂದು ಗ್ರೂಪಿನಲ್ಲಿ ಬರೆದರು, ಉಳಿದವರು ಕೈಮುಗಿದ ಚಿತ್ರ ಹಾಕಿದರು, ಮುಗಿಯಿತು. ನಾಗಣಸೂರಿನಿಂದ ಬಂದ ನೆಂಟರೆಲ್ಲ ಬಿಳಿ ಬಟ್ಟೆಯಲ್ಲಿ ಗಂಭೀರವಾಗಿ ಕೂತಿದ್ದ ಪಡಸಾಲೆಗೆ ನಾವು ಗಿಳಿಹಸಿರು ಬನಿಯನ್ನು, ಮೈಗಂಟಿದ ಕರಿ ಚಡ್ಡಿ, ಕೈಯಲ್ಲಿ ಹೆಲ್ಮೆಟ್ಟು ಸಮೇತ ನುಗ್ಗಿದೆವು. ಕಾಕಾನ ಹೆಂಡತಿ, ನಮ್ಮ ಕಾಕು, ತಲೆ ಎತ್ತಿ ನೋಡಿದರು. ಅವರ ಕಣ್ಣು ಮಾಮಾನ ಹೊಟ್ಟೆಯಿಂದ ಚಡ್ಡಿಗೆ ಇಳಿದು ಅಲ್ಲೇ ನಿಂತಿತು. ಸೆರಗು ಬಾಯಿಗೆ ಹೋಯಿತು, ಭುಜ ಕುಲುಕತೊಡಗಿತು. ಅಳು ಒಡೆಯಿತೆಂದು ನಾನು ಓಡಿಹೋಗಿ ತಬ್ಬಿಕೊಂಡರೆ ಕಿವಿಯಲ್ಲಿ ಅಂದರು: "ಯವ್ವಾ, ಆ ಮನುಷ್ಯಾಗ ಯಾರರೆ ಒಂದು ಧೋತರ ಕೊಡ್ರಿ."

ಅಷ್ಟೇ ಸಾಕಾಯಿತು. ನಾನು ನಕ್ಕೆ, ನನ್ನನ್ನು ನೋಡಿ ಮಾಮಾ ನಕ್ಕರು, ಯಾಕೆಂದು ಗೊತ್ತಿಲ್ಲದೆ ಉಳಿದ ಒಂಬತ್ತು ಜನ ನಕ್ಕರು. ನಾಗಣಸೂರಿನ ನೆಂಟರು ನಮ್ಮನ್ನು ಸುಟ್ಟುಬಿಡುವ ಹಾಗೆ ನೋಡಿದರು. ಕಾಕು ನಗುತ್ತ ನಗುತ್ತ ಅತ್ತರು, ಅಳುತ್ತ ಅಳುತ್ತ ಎಲ್ಲರಿಗೂ ಚಹಾ ತರಿಸಿದರು. ಕಾಕಾನ ಬಗ್ಗೆ ಬರೆಯಬೇಕೆಂದು ನನಗೆ ಅನಿಸಿದ್ದು ಆ ಚಹಾ ಕುಡಿಯುವಾಗ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಅರ್ಧ ಸೊಲ್ಲಾಪುರಕ್ಕೆ ಗುರುತು ಸಿಗುತ್ತದೆ. ಆಮೇಲೆ ಅವರ ಮಗ ಫೋನು ಮಾಡಿ, ನಮ್ಮಪ್ಪನ ಹಳದಿ ನೀರಿನ ಕತೆಯನ್ನು ಊರಿಗೆಲ್ಲ ಯಾಕೆ ಹಂಚಿದಿರಿ ಎಂದು ಜಗಳ ತೆಗೆಯುತ್ತಾನೆ. ಅವನು ಮರಾಠಿ ಶಾಲೆಯಲ್ಲಿ ಕಲಿತವನು, ಕನ್ನಡ ಓದಲು ಬರುವುದಿಲ್ಲ ನಿಜ. ಆದರೆ ಓದಿ ಹೇಳುವವರಿಗೇನು ಬರಗಾಲ?

ನಾನು ರಕ್ತ ತಪಾಸಣೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ದಿನ ಬೆಳಗಾದರೆ ಜನರ ತೋಳಿಗೆ ಸೂಜಿ ಚುಚ್ಚುವುದು, ಅವರು ನಾಚಿಕೊಂಡು ಕೊಡುವ ಪುಟ್ಟ ಡಬ್ಬಿ ಈಸಿಕೊಳ್ಳುವುದು ನನ್ನ ಹೊಟ್ಟೆಪಾಡು. ಆದ್ದರಿಂದ ಮುಂದೆ ಬರುವ ಕೆಲವು ಮಾತಿಗೆ ಓದುವವರು ಮೂಗು ಮುಚ್ಚಿಕೊಂಡರೂ ನಾನು ಮುಚ್ಚಿಕೊಳ್ಳುವವಳಲ್ಲ.

ಕಾಕಾಗೆ ಮಾರ್ಕೆಟ್ ಯಾರ್ಡಿನಲ್ಲಿ ಕಾಳುಕಡಿಯ ಅಡತಿ ಅಂಗಡಿ. ನಾಗಣಸೂರಿನಲ್ಲಿ ಹೊಲ. ಸೈಕಲ್ ಹತ್ತಿದ್ದು ಅರವತ್ತು ದಾಟಿದ ಮೇಲೆ, ಅದೂ ಆರೋಗ್ಯಕ್ಕಾಗಿ ಅಲ್ಲ. ಮಗ ಗೇರಿನ ಸೈಕಲ್ ತಂದು ನಾಲ್ಕು ದಿನ ತುಳಿದು ಗೋಡೆಗೆ ಆನಿಸಿ ಮರೆತುಬಿಟ್ಟಿದ್ದ. ಕಾಕಾ ಎರಡು ತಿಂಗಳು ಸಹಿಸಿದರು. "ಮಾಲು ಗೋದಾಮಿನಾಗ ಬಿದ್ದು ಕೊಳೀಬಾರದು" ಎಂದು ಒಂದು ಬೆಳಿಗ್ಗೆ ತಾವೇ ಹತ್ತಿಕೊಂಡು ಹೊರಟರು. ಬಿಳಿ ಪಾಯಿಜಾಮ, ಪಾದದ ಹತ್ತಿರ ಬಟ್ಟೆ ಒಣಹಾಕುವ ಕ್ಲಿಪ್ಪು, ತಲೆಗೆ ಗಾಂಧಿ ಟೋಪಿ, ಟೋಪಿಯ ಮೇಲೆ ಹೆಲ್ಮೆಟ್ಟು. ಟೋಪಿ ತೆಗೀರಿ ಕಾಕಾ, ಹೆಲ್ಮೆಟ್ ಸರಿ ಕೂರುವುದಿಲ್ಲ ಎಂದರೆ, "ಟೋಪಿ ಮನಿತನದ್ದು, ಹೆಲ್ಮೆಟ್ ಸರಕಾರದ್ದು. ಇಬ್ಬರದ್ದೂ ಮಾನ ಇಡಬೇಕವ್ವಾ" ಅನ್ನುತ್ತಿದ್ದರು.

ಯಾವುದನ್ನೂ ಸ್ಯಾಂಪಲ್ ನೋಡದೆ ಅವರು ಒಪ್ಪಿದವರಲ್ಲ. ಏನು ಕೊಟ್ಟರೂ ಎಡ ಅಂಗೈ ಮೇಲೆ ಹಾಕಿಕೊಳ್ಳುವುದು, ಹೆಬ್ಬೆರಳಿಂದ ಹರಡುವುದು, ಉಫ್ ಎಂದು ಊದುವುದು, ಒಂದನ್ನು ಹಲ್ಲಿನ ನಡುವೆ ಇಟ್ಟು ಕಟ್ ಅನ್ನಿಸುವುದು. ಕಟ್ ಅಂದರೆ ಮಾಲು ಒಣಗಿದೆ, ಅನ್ನದಿದ್ದರೆ "ಹಸಿ ಅದ." ತೊಗರಿಗೂ ಇದೇ, ಸೇಂಗಾಕ್ಕೂ ಇದೇ, ಸೈಕಲ್ ಅಂಗಡಿಯವನು ಕೊಟ್ಟ ಬ್ರೇಕಿನ ರಬ್ಬರಿಗೂ ಇದೇ. ನಮ್ಮ ಗುಂಪಿಗೆ ಹೊಸಬರು ಸೇರಿದರೆ ಬಗ್ಗಿ ಅವರ ಮೀನಖಂಡ ಒತ್ತಿ ನೋಡುತ್ತಿದ್ದರು. ಹೆಂಗಸು ಎಂಬ ಕಾರಣಕ್ಕೆ ನನ್ನನ್ನು ಬಿಟ್ಟರು. ಅದರ ಬದಲಿಗೆ ಮುಂದೆ ಹೋಗಗೊಟ್ಟು ಚೈನಿನ ಸದ್ದು ಕೇಳಿ "ನಡೀತದ" ಅಂದರು.

ದಿನಾ ಸಂಜೆ ಅವರ ಜೇಬಿನ ತುಂಬ ಸ್ಯಾಂಪಲ್ ಪೊಟ್ಟಣಗಳು ಮನೆಗೆ ಬರುತ್ತಿದ್ದವು. ಒಂದರಲ್ಲಿ ಜೋಳ, ಒಂದರಲ್ಲಿ ಕಡಲೆ, ಇನ್ನೊಂದರಲ್ಲಿ ಹೆಸರು. ಕಾಕು ಅವನ್ನೆಲ್ಲ ಬಿಚ್ಚಿ ಒಂದೇ ಡಬ್ಬಕ್ಕೆ ಸುರಿಯುತ್ತಿದ್ದರು. ತಿಂಗಳಿಗೊಮ್ಮೆ ಆ ಡಬ್ಬ ಗಿರಣಿಗೆ ಹೋಗುತ್ತಿತ್ತು. ಹಾಗಾಗಿ ಅವರ ಮನೆಯ ಭಕ್ಕರಿಗೆ ತಿಂಗಳಿಗೊಂದು ರುಚಿ. ನಾವು ಅದನ್ನು ತಿನ್ನಲೆಂದೇ ನೆವ ಹುಡುಕಿಕೊಂಡು ಹೋಗುತ್ತಿದ್ದೆವು.

ಇಂಥ ಮನುಷ್ಯನ ಕೈಗೆ ಚಾದರ ಅಂಗಡಿಯ ಮಾಮಾ ವಿಟಮಿನ್ ಗುಳಿಗೆ ಕೊಟ್ಟರು. ಮಾಮಾ ಪುಣೆಗೆ ಹೋಗಿ ಬಂದವರು ಒಂದು ಉದ್ದನೆಯ ಡಬ್ಬಿ ತಂದಿದ್ದರು. ನೀರಿಗೆ ಹಾಕಿದರೆ ಬುಸ್ ಎಂದು ನೊರೆ ಎದ್ದು ಕಿತ್ತಳೆ ಬಣ್ಣಕ್ಕೆ ತಿರುಗುವ ಗುಳಿಗೆ. ಕುಂಭಾರಿಯ ಚಹಾದಂಗಡಿ ಮುಂದೆ ನಿಂತು, "ಇದನ್ನ ತಗೊಂಡು ಹತ್ತಿದ್ರ ಅಕ್ಕಲಕೋಟ ಬರೋ ತನಕ ದಮ್ಮ ಹತ್ತೂದಿಲ್ಲ. ಪುಣೆದಾಗ ಎಲ್ಲಾ ಸೈಕಲ್‌ವಾಲೇ ಇದನ್ನ ತಗೋತಾರ" ಎಂದು ಭಾಷಣ ಮಾಡುತ್ತ ಎಲ್ಲರ ಕೈಗೂ ಒಂದೊಂದು ಇಟ್ಟರು. ನಾವು ಬಾಟಲಿಗೆ ಹಾಕಿಕೊಂಡೆವು. ಕಾಕಾ ಅಂಗೈ ಮೇಲಿಟ್ಟರು, ಊದಿದರು, ಬಾಯಿಗೆ ಹಾಕಿ ಕಟ್ ಅನ್ನಿಸಿದರು.

ಆಮೇಲೆ ನಡೆದದ್ದನ್ನು ಕುಂಭಾರಿಯವರು ಈಗಲೂ ಹೇಳುತ್ತಾರೆ. ಕಾಕಾನ ಬಾಯಿಂದ ಕಿತ್ತಳೆ ಬಣ್ಣದ ನೊರೆ ಉಕ್ಕಿತು. ಮೀಸೆ ಮುಳುಗಿತು. ಮಾತಾಡಲು ಬಾಯಿ ತೆರೆದರೆ ಇನ್ನಷ್ಟು ಉಕ್ಕಿತು. ಹಾದಿಯಲ್ಲಿ ಹೋಗುತ್ತಿದ್ದ ಒಬ್ಬ ರೈತ ಗಾಡಿ ನಿಲ್ಲಿಸಿ "ಅರೆ ಮೂರ್ಛೆ ಬಂದದ ಹಿಡೀರಿ ಹಿಡೀರಿ" ಎಂದು ಹಾರಿ ಬಂದ. ಇಬ್ಬರು ಕಾಕಾನನ್ನು ಕಟ್ಟೆಯ ಮೇಲೆ ಅಂಗಾತ ಮಲಗಿಸಿದರು, ಮೂರನೆಯವನು ತನ್ನ ಚಪ್ಪಲಿ ಬಿಚ್ಚಿ ಅವರ ಮೂಗಿಗೆ ಒತ್ತಿದ. ಕಾಕಾ ಅದನ್ನು ನೂಕಿ ಎದ್ದು ಕೂತು, ನೊರೆ ಒರೆಸಿಕೊಂಡು ಮೊದಲು ಹೇಳಿದ ಮಾತು: "ಮಾಲು ಹಸಿ ಅದ."

ಅಲ್ಲಿಂದ ನಮ್ಮ ಗುಂಪಿನಲ್ಲಿ ಗುಳಿಗೆಯ ಹುಚ್ಚು ಹತ್ತಿತು. ಒಬ್ಬರು ಸಿ ಅನ್ನುವರು, ಇನ್ನೊಬ್ಬರು ಡಿ ಅನ್ನುವರು, ಒಬ್ಬ ಮಹಾಶಯರು ಕುದುರೆಗೆ ಕೊಡುವ ಪುಡಿ ಸಿಗುತ್ತದೆಯೇ ಎಂದು ವಿಚಾರಿಸಿ ಬಂದರು. ನಾವು ಸೈಕಲ್ ತುಳಿಯುತ್ತಿದ್ದದ್ದು ವಾರಕ್ಕೆ ಎರಡು ಸಲ. ಬೋರಾಮಣಿಯ ತನಕ ಒಂದು, ಅಕ್ಕಲಕೋಟೆಯ ತನಕ ಒಂದು. ಎರಡು ಕಡೆಯೂ ಹೊಟ್ಟೆ ಬಿರಿಯ ತಿಂದೇ ಮರಳುತ್ತಿದ್ದೆವು. "ಇಷ್ಟ್ ತಿಂದವರಿಗೆ ಯಾವ ವಿಟಮಿನ್ ಕಡಿಮಿ ಬೀಳತದರಿ? ಮೊದಲ ರಕ್ತ ತಪಾಸ ಮಾಡಿಸ್ರಿ, ಕಡಿಮಿ ಇದ್ರ ತಗೋರಿ" ಎಂದು ನಾನು ಬಾಯಿ ಬಡಿದುಕೊಂಡೆ. ಲ್ಯಾಬಿಗೆ ಗಿರಾಕಿ ಹುಡುಕಾಕತ್ಯಾಳ ಎಂದು ನಕ್ಕುಬಿಟ್ಟರು.

ಆದರೆ ನಾನು ಹೇಳಿದ್ದು ಕಾಕಾಗೆ. ಅವರ ಪಾದ ಜೋಮು ಹಿಡಿಯತೊಡಗಿತ್ತು. ಮೊದಲು ನಗುವ ವಿಷಯವೇ ಆಗಿತ್ತು. ವಳಸಂಗದಲ್ಲಿ ಚಹಾ ಕುಡಿದು ಎದ್ದು ಹೊರಟರೆ ಒಂದು ಚಪ್ಪಲಿ ಬೆಂಚಿನ ಕೆಳಗೇ ಉಳಿದಿರುತ್ತಿತ್ತು, ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಒಮ್ಮೆ ಕುಂಭಾರಿಯಲ್ಲಿ ಉದುರಿದ ಬೂಟು ವಳಸಂಗದಲ್ಲಿ ನಾವು ಹೇಳಿದ ಮೇಲೆ ನೆನಪಾಯಿತು. ಬರೀ ಕಾಲುಚೀಲದಲ್ಲಿ ಪೆಡಲ್ ತುಳಿದು ಬಂದಿದ್ದರು. "ಹಗುರ ಆತು ಅಂತ ಮಾಡಿದ್ದೆ" ಅಂದರು. ಕಾಕು ಮಾತ್ರ ನಗಲಿಲ್ಲ. ಒಂದು ದಿನ ಸ್ಟವ್ ಹತ್ತಿರ ಬಿದ್ದ ಕೆಂಡದಂಥ ಬಿಸಿ ಚಿಮಟಿಗೆಯ ಮೇಲೆ ಅವರು ಕಾಲಿಟ್ಟು ನಿಂತೇ ಮಾತಾಡುತ್ತಿದ್ದರಂತೆ. ಸುಟ್ಟ ವಾಸನೆ ಬಂದ ಮೇಲೆ ಕಾಕುವೇ ಎಳೆದಿದ್ದು. ಅಂದು ಕಟ್ಟಪ್ಪಣೆ ಆಯಿತು: "ಗುಡಿಪಾಡವಾ, ಯುಗಾದಿ ತನಕ ನೋಡತೀನಿ. ಕಾಲಿಗೆ ಚಲೋ ಆಗಲಿಲ್ಲಂದ್ರ ಸೈಕಲ್ ಗುಜರಿಯವನಿಗೆ. ಹೈವೇದಾಗ ಬ್ರೇಕ್ ಹಿಡದು ಕಾಲ ಊರೂ ಹೊತ್ತಿನಾಗ ನೆಲ ಸಿಕ್ಕದೋ ಇಲ್ಲೋ ತಿಳೀದ ಮನುಷ್ಯಾಗ ಸೈಕಲ್ ಯಾಕರಿ?"

ಸೈಕಲ್ ಹೋದರೆ ತಮ್ಮ ಬೆಳಗೇ ಹೋದಂತೆ ಎಂದು ಕಾಕಾ ನನ್ನೊಬ್ಬಳ ಮುಂದೆ ಅಂದರು. "ಹಂಗಾರ ನಾಳಿ ಬರ್ರಿ ಕಾಕಾ, ಒಂದು ಸಣ್ಣ ಸೂಜಿ" ಅಂದೆ. ಕಾಕಾನ ಮುಖ ಬಿಳಚಿತು. ಕ್ವಿಂಟಲ್ ಚೀಲದ ಕೆಳಗೆ ಹೆಗಲು ಕೊಟ್ಟ ಮನುಷ್ಯ, ಮಾರ್ಕೆಟ್ಟಿನಲ್ಲಿ ಗೂಳಿ ನುಗ್ಗಿದರೆ ಕೊಂಬು ಹಿಡಿದ ಮನುಷ್ಯ, ಸೂಜಿ ಅಂದರೆ ಮಾತ್ರ ಪಾಯಿಜಾಮದ ಲಾಡಿ ಬಿಗಿ ಮಾಡಿಕೊಂಡು ಎದ್ದುಬಿಡುತ್ತಿದ್ದರು. ನಾನು ಅವರ ಮನೆಗೆ ಹೋದಾಗಲೆಲ್ಲ ಅವರು ತುಂಬು ತೋಳಿನ ಅಂಗಿಯಲ್ಲೇ ಕೂರುತ್ತಿದ್ದದ್ದು ಯಾಕೆಂದು ನನಗೆ ಅಂದು ಹೊಳೆಯಿತು.

ಆ ಸೂಜಿಯೊಂದನ್ನು ತಪ್ಪಿಸಿಕೊಳ್ಳಲು ಕಾಕಾ ಏನು ಮಾಡಿದರು ಕೇಳಿ. ಹನ್ನೆರಡು ಜನರ ಮೇಲೆ ಎರಡು ತಿಂಗಳ ಪರೀಕ್ಷೆ ಹೂಡಿದರು! "ಎರಡು ಚೀಲ ಬಾಜೂಕ ಬಾಜೂ ಇಟ್ಟು ನೋಡಿದ್ರನ ಮಾಲಿನ ಗುಣ ತಿಳೀತದ. ಆರು ಮಂದಿಗೆ ಖರೇ ವಿಟಮಿನ್, ಆರು ಮಂದಿಗೆ ಜ್ವಾಳದ ಹಿಟ್ಟು. ಯಾರಿಗೆ ಯಾವುದು ಅನ್ನೂದು ನನಗೊಬ್ಬಗ ಗೊತ್ತು. ಎರಡು ತಿಂಗಳಾದ ಮ್ಯಾಲ ಅಕ್ಕಲಕೋಟಕ್ಕ ಯಾರು ಲಗೂನ ಮುಟ್ಟತಾರ ನೋಡೂಣು. ನಿಮ್ಮ ಕಾಲಿಗೆ ಗುಣ ಬಂದ್ರ ನಾನೂ ತಗೋತೀನಿ, ನನ್ನ ಕಾಲೂ ಚಲೋ ಆಗತದ, ಸೂಜಿನೂ ತಪ್ಪತದ." ಮಂಡನೆ ಮುಗಿಸಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ನಿಮ್ಮದು ಬೇರೆ ಕಾಕಾ, ಅದು ರೋಗ, ಇದು ಆಟ ಎಂದು ನಾನು ಜಗಳವಾಡಿದೆ. "ಫಲಿತಾಂಶ ಬರಲಿ" ಎಂಬುದೊಂದೇ ಮಾತು.

ಕೆಂಪು ಬಣ್ಣದ ವಿಟಮಿನ್ ಗುಳಿಗೆ ತಂದರು. ಗುರುತಿನವರಿಂದ ಅದೇ ಕೆಂಪಿನ ಖಾಲಿ ಕ್ಯಾಪ್ಸೂಲ್ ಗುಳಿಗೆಯನ್ನೂ ತಂದರು. ಕಾಕು ಮಧ್ಯಾಹ್ನಗಳಲ್ಲಿ ಧಾರಾವಾಹಿ ನೋಡುತ್ತ ತಲೆಪಿನ್ನಿನಿಂದ ಅದರೊಳಗೆ ಜೋಳದ ಹಿಟ್ಟು ತುಂಬಿದರು. ಆಮೇಲೆ ಹನ್ನೆರಡು ಪೊಟ್ಟಣ ಕಟ್ಟುವ ಕೆಲಸವೂ ಕಾಕುವಿಗೇ ಬಿತ್ತು. ಬೆಸ ಸಂಖ್ಯೆಯವಕ್ಕೆ ನಿಜ, ಸರಿ ಸಂಖ್ಯೆಯವಕ್ಕೆ ಹಿಟ್ಟು ಎಂದು ಕಾಕಾ ಹೇಳಿಕೊಟ್ಟರು. ನನಗೆ ಎಂಟು ಬಂತು. ಹನ್ನೆರಡನೆಯದನ್ನು ಕಾಕಾ ತಾವಿಟ್ಟುಕೊಂಡರು. ಈ ಬೆಸ, ಸರಿಯ ಗುಟ್ಟು ನಮಗೆ ಆಗ ಗೊತ್ತಿರಲಿಲ್ಲ, ನಾವು ಯಾರೂ ಕೇಳಬಾರದೆಂದು ಆಣೆ ಇತ್ತು.

ಮೊದಲ ವಾರ ಎಲ್ಲ ಸುಸೂತ್ರ. ಎರಡನೇ ವಾರ ಗಂಡಸರ ನಡವಳಿಕೆ ಬದಲಾಯಿತು. ವಳಸಂಗದ ಆಚೆ ಸೈಕಲ್ ನಿಲ್ಲಿಸಿ ಒಬ್ಬೊಬ್ಬರೇ ಜಾಲಿ ಗಿಡದ ಹಿಂದೆ ಹೋಗುವರು, ಬರುವಾಗ ಮುಖದಲ್ಲಿ ಏನೋ ಕಳೆ. ಯಾರೂ ಯಾರಿಗೂ ಹೇಳುವುದಿಲ್ಲ, ಆದರೆ ಸೈಕಲ್ ಹತ್ತಿದವರೇ ಮೈಮೇಲೆ ದೇವರು ಬಂದಂತೆ ತುಳಿಯುವರು. ಕಾರಣ ನನಗೆ ಗೊತ್ತಿತ್ತು. ವಿಟಮಿನ್ ಗುಳಿಗೆಯಲ್ಲಿರುವ ಒಂದು ಅಂಶ ದೇಹಕ್ಕೆ ಬೇಡವಾದಷ್ಟು ಬಿದ್ದರೆ ಹಾಗೇ ಹೊರಗೆ ಹೋಗುತ್ತದೆ, ಮೂತ್ರ ಅರಿಷಿಣದ ಹಾಗೆ ಹಳದಿ ಆಗುತ್ತದೆ. ನನ್ನದೂ ಆಗಿತ್ತು. ನನಗೆ ಬಂದದ್ದು ಖರೇ ಮಾಲು ಎಂದು ಮೂರನೇ ದಿನಕ್ಕೇ ತಿಳಿದಿತ್ತು. ಹಳದಿ ಆಯಿತೆಂದರೆ ಅಷ್ಟು ಭಾಗ ದಂಡ ಎಂಬುದೂ ತಿಳಿದಿತ್ತು. ಇಷ್ಟೆಲ್ಲ ತಿಳಿದ ನಾನು ಆ ಭಾನುವಾರ ಚಪಳಗಾವದ ಏರಿನಲ್ಲಿ ಮಾಮಾನನ್ನು ಹಿಂದೆ ಹಾಕಿ ಕೇಕೆ ಹೊಡೆದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಗುಳಿಗೆ ಕೆಲಸ ಮಾಡುತ್ತಿದೆ ಅಂತಲೇ ಅನಿಸಿತು.

ಕಾಕಾ ಮಾತ್ರ ದಿನದಿನಕ್ಕೆ ಸಪ್ಪಗಾದರು. ಎಣ್ಣೆ ಬಿಟ್ಟರು, ಚಹಾ ಬಿಟ್ಟರು, ಭಜಿ ಕಂಡರೆ ಮುಖ ತಿರುಗಿಸಿದರು. ಕಂಡ ಕಂಡ ಗಾಡಿಯ ಮುಂದೆ ಸೈಕಲ್ ನಿಲ್ಲಿಸಿ ಕಬ್ಬಿನ ಹಾಲು ಕುಡಿದರು. ಒಮ್ಮೆ ನನ್ನನ್ನು ಪಕ್ಕಕ್ಕೆ ಕರೆದು ಕೆಳಗಣ್ಣು ಎಳೆದು ತೋರಿಸಿ "ಬೆಳ್ಳಗ ಅದನೋ ಹಳದಿ ಅದನೋ?" ಎಂದರು. ಬೆಳ್ಳಗಿದೆ ಎಂದೆ. ನಂಬಲಿಲ್ಲ. ಯಾಕೆಂದು ಕೇಳಿದರೆ ಹೇಳಲಿಲ್ಲ. ಹೇಳಿದರೆ ಸೂಜಿ ಹಿಡಿದು ಬರುತ್ತೇನೆಂಬ ಭಯ. ಪಾದ ಇದ್ದ ಹಾಗೇ ಇತ್ತು, ಪಾಡವಾ ಹತ್ತಿರ ಬರುತ್ತಿತ್ತು.

ಫಲಿತಾಂಶದ ದಿನ ಎಲ್ಲರೂ ಅಕ್ಕಲಕೋಟೆಗೆ ಹಾರಿಕೊಂಡು ಹೋದೆವು. ಪ್ರತಿಯೊಬ್ಬರೂ ಮೊದಲಿಗಿಂತ ಬೇಗ ಮುಟ್ಟಿದ್ದರು, ಕಡೆಯವರಾಗಿ ಬಂದ ಕಾಕಾ ಒಬ್ಬರನ್ನು ಬಿಟ್ಟು. ದರ್ಶನ ಮುಗಿಸಿ ಊರ ಹೊರಗೆ ಒಂದು ಬೇವಿನ ಮರದ ಕೆಳಗೆ ಸಾಲಾಗಿ ಕೂತೆವು. ಕಾಕು ಕಾರಿನಲ್ಲಿ ಬುತ್ತಿ ತಂದಿದ್ದರು. ಭಕ್ಕರಿ, ಸೇಂಗಾ ಹಿಂಡಿ, ಹೋಳಿಗೆ. ಅವರು ಬಡಿಸುತ್ತಿದ್ದರು, ಕಾಕಾ ಗಂಟಲು ಸರಿ ಮಾಡಿಕೊಂಡು ಎದ್ದು ನಿಂತರು.

"ತನಗ ಖರೇ ವಿಟಮಿನ್ ಬಂದದ ಅಂತ ಯಾರಿಗೆ ಅನಸ್ತದ, ಅವರು ಕೈ ಮ್ಯಾಲ ಮಾಡ್ರಿ."

ಹನ್ನೊಂದು ಕೈ ಮೇಲೆದ್ದವು. ನನ್ನದೂ ಸೇರಿ.

"ಸಾಧ್ಯ ಇಲ್ಲ! ನಿಮ್ಮೊಳಗ ಐದು ಮಂದಿಗೆ ಹಿಟ್ಟು ಕೊಟ್ಟೀನಿ. ಹ್ಯಾಂಗ ಗೊತ್ತಾತು ನಿಮಗ?"

ಎಲ್ಲರೂ ಬೇವಿನ ಎಲೆ ಎಣಿಸತೊಡಗಿದರು. ಕಡೆಗೆ ಮಾಮಾ ಹೋಳಿಗೆ ನುಂಗಿ, ಸಾಕಷ್ಟು ಕೆಮ್ಮಿ, "ಕಾಕಾ, ಅದು... ಬೆಳಿಗ್ಗೆ... ಹಳದಿ ಬರತದಲ್ಲ..." ಅಂದರು. ಉಳಿದವರು "ಹೌದ್ರಿ", "ನಂದೂ", "ಅಗದೀ ಅರಿಷಿಣ" ಎಂದು ಒಬ್ಬರ ಮೇಲೊಬ್ಬರು ಬಿದ್ದು ಒಪ್ಪಿಕೊಂಡರು. ಅದು ವಿಟಮಿನ್ನಿನ ಬಣ್ಣ ಎಂದು ನಾನು ಬಿಡಿಸಿ ಹೇಳಿದೆ. ಕಾಕಾ ನನ್ನನ್ನೇ ನೋಡುತ್ತ ನಿಧಾನವಾಗಿ ನೆಲಕ್ಕೆ ಕೂತರು.

"ಅಂದ್ರ ನನಗ ಕಾಮಣಿ ಆಗಿಲ್ಲ?"

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಅವರೇ ತಡವರಿಸುತ್ತ ಹೇಳಿದರು. ಹನ್ನೆರಡನೇ ಪೊಟ್ಟಣದಲ್ಲಿ ಇದ್ದದ್ದು ಹಿಟ್ಟು, ಹಿಟ್ಟು ತಿಂದವನಿಗೆ ಹಳದಿ ಹೇಗೆ ಬರಬೇಕು, ಬಂದರೆ ಅದು ಕಾಮಾಲೆಯೇ. ಒಂದೂವರೆ ತಿಂಗಳಿಂದ ಸಾವು ಎದುರಿಗೆ ನಿಂತಂತೆ ಬದುಕುತ್ತಿದ್ದರು, ಬ್ಯಾರಲ್‌ಗಟ್ಟಲೆ ಕಬ್ಬಿನ ಹಾಲು ಕುಡಿದಿದ್ದರು. ನಾವು ಹುಲ್ಲಿನ ಮೇಲೆ ಉರುಳಾಡಿ ನಕ್ಕೆವು. ಮಾಮಾನಿಗೆ ಹೋಳಿಗೆ ನೆತ್ತಿಗೇರಿತು, ಇಬ್ಬರು ಬೆನ್ನು ಗುದ್ದಿದರು. ನಗು ಇಳಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ಹಾಗಾದರೆ ಹಿಟ್ಟು ಎಲ್ಲಿ ಹೋಯಿತು?

ಕಾಕು ತಲೆ ಎತ್ತದೆ ಭಕ್ಕರಿ ಬಡಿಸುತ್ತಲೇ ಅಂದರು: "ನಮ್ಮ ಮನಿಯಾಗ ಪಂಕ್ತಿಭೇದ ಇಲ್ಲ. ಒಂದ ಸಾಲಿನಾಗ ಕುಂತವರಿಗೆ ಅರ್ಧ ಮಂದಿಗೆ ತುಪ್ಪ, ಅರ್ಧ ಮಂದಿಗೆ ನೀರು ಬಡಸೂದು ನನಗ ಗೊತ್ತಿಲ್ಲ. ಎರಡೂ ಒಂದ ಡಬ್ಬಿಗೆ ಸುರಿವಿ ಕಲಿಸಿದೆ, ಎಲ್ಲಾರಿಗೂ ಸರಿಸಮ ಕಟ್ಟಿದೆ."

ಕಾಕಾ ಹೆಲ್ಮೆಟ್ಟು ನೆಲಕ್ಕೆ ಬಡಿದರು. "ಎರಡು ತಿಂಗಳು ಪೂರಾ ನೀರಾಗ ಹಾಕಿದೆಲ್ಲ ನೀ! ಸ್ಯಾಂಪಲ್ ಕಲಬೆರಿಕಿ ಮಾಡಿದವರಿಗೆ ಪೇಟ್ಯಾಗ ಏನಂತಾರ ಗೊತ್ತದನು?"

ಕಾಕು ಭಕ್ಕರಿಯ ಬುಟ್ಟಿ ಕೆಳಗಿಟ್ಟರು. "ಗೊತ್ತದರಿ. ಒಳ್ಳೇದು ಮಂದಿಗೆ ಕೊಟ್ಟು ಹಿಟ್ಟಿನ ಪುಡಿ ನೀವ ಇಟಗೋತೀರಿ ಅನ್ನೂದೂ ಗೊತ್ತಿತ್ತು. ನಲವತ್ತು ವರ್ಷದಾಗ ಚಲೋ ಚೀಲ ಒಂದರೆ ಮನೀಗೆ ತಂದೀರ್ಯಾ? ದಿನಾ ಮುಂಜಾನೆ ನಿಮ್ಮ ಚಪ್ಪಲಿ ಎರಡೂ ಅವನೋ ಇಲ್ಲೋ ಅಂತ ಎಣಸಾಕತ್ತೀನಿ ನಾ. ಅರ್ಧರೆ ಔಷಧ ಹೊಟ್ಟಿಗೆ ಹೋಗಲಿ ಅಂತ ಕಲಿಸಿದೆ. ತಪ್ಪಾಗಿದ್ರ ಬೈರಿ."

ಕಾಕಾ ಹೆಲ್ಮೆಟ್ಟು ಎತ್ತಿಕೊಂಡು ಧೂಳು ಒರೆಸಿದರು, ಬಹಳ ಹೊತ್ತು ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದರು. "ಯವ್ವಾ, ಸೂಜಿ ತಂದೀಯೇನು?"

ಊಟಕ್ಕೆ ಬಂದವಳು ಸೂಜಿ ಯಾಕೆ ತರಲಿ! ಮರುದಿನ ಬೆಳಿಗ್ಗೆ ಲ್ಯಾಬಿನ ಬಾಗಿಲು ತೆಗೆಯುವ ಮೊದಲೇ ಗಂಡಹೆಂಡತಿ ಮೆಟ್ಟಿಲ ಮೇಲೆ ಕೂತಿದ್ದರು. ಕಾಕಾ ತೋಳು ಚಾಚಿ ಕಣ್ಣು ಮುಚ್ಚಿ "ಅಯ್ಯೋ ಅಯ್ಯಯ್ಯೋ" ಎಂದು ಬೀದಿಗೆ ಕೇಳುವಂತೆ ಕೂಗಿದರು. "ಆತೇನು?" ಅಂದರು. "ಇನ್ನೂ ಹತ್ತಿ ಒರಸೀನಿ ಕಾಕಾ" ಅಂದೆ. ನಿಜವಾದ ಸೂಜಿ ಹೋದದ್ದು ಅವರಿಗೆ ತಿಳಿಯಲೇ ಇಲ್ಲ, ಅಷ್ಟರಲ್ಲಿ ಕಾಕುವಿನ ಹೆಗಲ ಮೇಲೆ ಒರಗಿ ಎಚ್ಚರ ತಪ್ಪಿದ್ದರು.

ಬಿ ಹನ್ನೆರಡು ಎಂಬ ವಿಟಮಿನ್ ಅವರ ರಕ್ತದಲ್ಲಿ ತಳ ಕಂಡಿತ್ತು. ಮಾಂಸ ಮೊಟ್ಟೆ ಮುಟ್ಟದ ಮನೆತನ, ಜೊತೆಗೆ ವರ್ಷಗಟ್ಟಲೆ ನುಂಗಿದ ಎದೆಯುರಿಯ ಗುಳಿಗೆ. ಇವರ ಹೊಟ್ಟೆಗೆ ಅದು ಹಿಡಿಯುವುದೇ ಇಲ್ಲ, ಬಾಯಿಂದ ಕೊಟ್ಟು ಕೂರುವ ಹೊತ್ತಲ್ಲ, ಇಂಜೆಕ್ಷನ್ನೇ ಆಗಬೇಕು ಎಂದರು ಡಾಕ್ಟರು. ಒಂದಲ್ಲ, ಸಾಲು ಸಾಲು ಇಂಜೆಕ್ಷನ್ನು! ಒಂದು ಸೂಜಿ ತಪ್ಪಿಸಿಕೊಳ್ಳಲು ಹೋದ ಕಾಕಾಗೆ ದಿನ ಬಿಟ್ಟು ದಿನ ಸೂಜಿ. ಇದನ್ನು ಕೇಳಿ ನಮ್ಮವರೆಲ್ಲ ಹೆದರಿ ಓಡಿ ಬಂದು ರಕ್ತ ಕೊಟ್ಟರು. ಗುಳಿಗೆ ಬೇಕಾದವರು ಒಬ್ಬರೂ ಇರಲಿಲ್ಲ. ಮಾಮಾನಿಗೆ ಯಾವುದೂ ಕಡಿಮೆ ಇರಲಿಲ್ಲ, ಹೆಚ್ಚಿಗೆ ಇದ್ದದ್ದು ತೂಕ ಮಾತ್ರ. ಅವರಿಗೆ ಬಹಳ ಬೇಜಾರಾಯಿತು. "ಹಂಗಾರ ನಾ ಅಷ್ಟ್ ಜೋರಾಗಿ ಹ್ಯಾಂಗ ತುಳದೆ?" ಎಂದು ಇವತ್ತಿಗೂ ಕೇಳುತ್ತಾರೆ. ಹನ್ನೊಂದು ಜನರೂ ನನ್ನದೇ ಖರೇ ಮಾಲು ಎಂಬ ಜಂಬದಲ್ಲಿ ತುಳಿದೆವು, ಅಷ್ಟೇ. ಅದಕ್ಕೆ ಡಬ್ಬಿಯಲ್ಲಿ ಹಿಟ್ಟಿದ್ದರೂ ಸಾಕಿತ್ತು. ಬೇಕಾದದ್ದು ಒಬ್ಬರಿಗೆ, ಅವರು ಹಿಟ್ಟನ್ನು ಆರಿಸಿಕೊಂಡಿದ್ದರು.

ಪಾಡವಾ ಬಂತು, ಹೋಯಿತು. ಸೈಕಲ್ ಮಾರಲು ಕಾಕು ಮನಸ್ಸು ಮಾಡಲಿಲ್ಲ, ಹತ್ತಲೂ ಬಿಡಲಿಲ್ಲ. ಕಾಕಾ ಚುಚ್ಚಿಸಿಕೊಂಡರು, ಪ್ರತಿ ಸಲ ಬೀದಿಗೆ ಕೇಳುವಂತೆ ಕೂಗಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಬೋರಾಮಣಿಯ ತನಕ ಮಾತ್ರ, ನಿಧಾನವಾಗಿ, ನಾವೆಲ್ಲ ಸುತ್ತ ಇರಬೇಕು ಎಂಬ ಕರಾರಿನ ಮೇಲೆ ಕಾಕು ಬಿಟ್ಟರು. ಪಾದದ ಸ್ಪರ್ಶ ತಿರುಗಿ ಬರುವುದೋ ಇಲ್ಲವೋ ಡಾಕ್ಟರೂ ಖಾತ್ರಿ ಕೊಟ್ಟಿರಲಿಲ್ಲ. ತಡ ಮಾಡಿ ಬಂದೀರಿ ಎಂದಷ್ಟೇ ಹೇಳಿದ್ದರು.

ಬೋರಾಮಣಿಯ ಮಾಳದ ಹುಲ್ಲು ಆಗ ಮೊಣಕಾಲಿನ ತನಕ ಬೆಳೆದಿತ್ತು. ಮಾಮಾನ ಗಾಲಿ ಪಂಕ್ಚರ್ ಆಗಿ ನಾವು ಅದರ ಸುತ್ತ ಕೂತಿದ್ದೆವು. ನಿಂತಲ್ಲೆಲ್ಲ ಬೂಟು ಬಿಚ್ಚಿ ಅಂಗಾಲಿಗೆ ಗಾಯವಾಗಿದೆಯೇ ಎಂದು ಕಣ್ಣಿಂದ ನೋಡಿಕೊಳ್ಳಬೇಕೆಂದು ಡಾಕ್ಟರು ಹೇಳಿದ್ದರು. ಕಾಕಾ ಎಡಗಾಲಿನ ಬೂಟು ಬಿಚ್ಚಿದರು, ನೋಡಿಕೊಂಡರು, ಆಯ ತಪ್ಪಿ ಆ ಕಾಲನ್ನು ಹುಲ್ಲಿಗೆ ಊರಿದರು. ಒಂದು ಕೂಗು ಕೇಳಿತು ನೋಡಿ, ಹಾವೇ ಕಚ್ಚಿತೆಂದು ನಾವು ಪಂಪು ಹಿಡಿದು ಓಡಿದೆವು. ಕಾಕಾ ಒಂಟಿಗಾಲಲ್ಲಿ ಕುಣಿಯುತ್ತಿದ್ದರು. ಅಂಗಾಲಿನಲ್ಲಿ ಬೆರಳುದ್ದದ ಜಾಲಿ ಮುಳ್ಳು, ರಕ್ತ ತೊಟ್ಟಿಕ್ಕುತ್ತಿತ್ತು. ಹತ್ತಿಯಿಂದ ಒರೆಸಿದರೆ ಎಚ್ಚರ ತಪ್ಪುವ ಮನುಷ್ಯ ಆ ರಕ್ತವನ್ನು ನೋಡಿ ನಗುತ್ತಿದ್ದರು, ಕಣ್ಣಿಂದ ನೀರು ಸುರಿಯುತ್ತಿತ್ತು. ಮುಳ್ಳು ಕೀಳಲು ಹೋದ ನನ್ನ ಕೈ ತಳ್ಳಿ, "ತಡೀ ಯವ್ವಾ, ಇನ್ನೊಂದ ಸ್ವಲ್ಪ ಇರಲಿ" ಅಂದರು. ಫೋನು ತೆಗೆದರು, ಮನೆಗೆ ಹಚ್ಚಿದರು, ನಮಗೂ ಕೇಳಲೆಂದು ದನಿ ಜೋರು ಮಾಡಿದರು.

"ಏ, ಕೇಳಾಕತ್ತೀಯೇನು? ಮುಳ್ಳ ನಟ್ಟದ! ನೋಯಾಕತ್ತದ! ಭಾಳ ಅಂದ್ರ ಭಾಳ ನೋಯಾಕತ್ತದ!"

ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಬಂತು.

"ಯಾವ ಕಾಲರಿ?"

"ಎಡಗಾಲು!"

"ಬಲಗಾಲಿಗೂ ಒಂದು ಚುಚ್ಚಿಸ್ಕೊಂಡ ಬರ್ರಿ" ಅಂದರು ಕಾಕು.

ಕಾಕಾ ಆಗಲೇ ಬಲಗಾಲಿನ ಬೂಟಿನ ಲಾಡಿ ಬಿಚ್ಚುತ್ತಿದ್ದರು.